ಇಂಜಿನ್ ಚಾಲೂ ಮಾಡಲು ಬಂದರೆ ಸಾಲದು, ಲಂಗರು ಹಾಕಲೂ ಬರಬೇಕು

ಮುಂಬಯಿ ಮಹಾನಗರಕ್ಕೂ ಕರಾವಳಿಯ ತುಳು-ಕನ್ನಡಿಗರಿಗೂ ಇರುವ ನಂಟು ಹೋಟೆಲಿನ ಗಲ್ಲಾಪೆಟ್ಟಿಗೆಯಷ್ಟೇ ಕಡಲಿನದ್ದೂ ಹೌದು. ಘಟ್ಟದ ರಸ್ತೆ ಸರಿಯಿಲ್ಲದ, ಕೊಂಕಣ ರೈಲ್ವೆ ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ ಊರಿನಿಂದ ಹಡಗು ಹತ್ತಿ ಬಂದು ಈ ಬಂದರಿನಲ್ಲಿ ಇಳಿದ ಹಿರಿಯರು ಅನೇಕರು. ಸಸೂನ್ ಡಾಕ್, ಭಾವುಚಾ ಧಕ್ಕಾ, ವರ್ಸೋವಾಗಳಲ್ಲಿ ಮೀನುಗಾರಿಕೆಯನ್ನೇ ನಂಬಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ಇಂದು ಆ ಹಿರಿಯರ ಮೊಮ್ಮಕ್ಕಳ ಪೈಕಿ ಕೆಲವರು ರವಿವಾರ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾದಿಂದ ಸ್ವಂತ ಸ್ಪೀಡ್ ಬೋಟಿನಲ್ಲಿ ಮಾಂಡ್ವಾಕ್ಕೆ ಹೋಗುತ್ತಾರೆ. ಅಲಿಬಾಗಿನಲ್ಲಿ ತೋಟದ ಮನೆ ಮಾಡಿದವರಿದ್ದಾರೆ. ಮಗಳ ಹುಟ್ಟುಹಬ್ಬಕ್ಕೆ, ಬೆಳ್ಳಿಹಬ್ಬದ ಮದುವೆ ವಾರ್ಷಿಕೋತ್ಸವಕ್ಕೆ ಗಂಟೆಯ ಲೆಕ್ಕದಲ್ಲಿ ಯಾಟ್ ಬಾಡಿಗೆಗೆ ಪಡೆಯುವ ಕುಟುಂಬಗಳೂ ಇವೆ.

ಕಷ್ಟಪಟ್ಟು ದುಡಿದವರು ಕಡಲಿನ ಮೇಲೆ ನಾಲ್ಕು ಗಂಟೆ ಸಂತಸಪಡುವುದರಲ್ಲಿ ತಪ್ಪೇನೂ ಇಲ್ಲ. ಚಿಂತೆಯ ವಿಷಯ ಬೇರೆಯದೇ ಇದೆ. ಬೋಟು ಕೊಳ್ಳುವಾಗ ಇಂಜಿನಿನ ಹಾರ್ಸ್ ಪವರ್ ಎಷ್ಟು, ಸೀಟುಗಳೆಷ್ಟು, ಮ್ಯೂಸಿಕ್ ಸಿಸ್ಟಮ್ ಯಾವ ಕಂಪೆನಿಯದ್ದು ಎಂದು ವಿಚಾರಿಸುವವರು, ಮುಂಭಾಗದ ಪೆಟ್ಟಿಗೆಯಲ್ಲಿ ಎಷ್ಟು ಉದ್ದದ ಲಂಗರು ಹಗ್ಗವಿದೆ ಎಂದು ಕೇಳುವುದು ತೀರಾ ವಿರಳ. ಹೊರಡುವುದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ನಿಲ್ಲುವುದನ್ನು ಕಲಿಯಬೇಕೆಂದು ಯಾರಿಗೂ ಅನಿಸುವುದಿಲ್ಲ. ಕಡಲಿನಲ್ಲಿ ಜೀವ ಉಳಿಸುವ ವಿದ್ಯೆಗಳಲ್ಲಿ ಈ ನಿಲ್ಲುವ ವಿದ್ಯೆಯೇ ಮೊದಲನೆಯದು.

ಬ್ರೇಕ್ ಇಲ್ಲದ ವಾಹನ

ಕಾರಿನ ಇಂಜಿನ್ ಕೆಟ್ಟರೆ ರಸ್ತೆಯ ಬದಿಗೆ ಸರಿಸಿ ಬ್ರೇಕ್ ಹಾಕಿ ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು. ಬೋಟಿಗೆ ಬ್ರೇಕ್ ಇಲ್ಲ. ಡೀಸೆಲ್ ಮುಗಿದರೆ, ಪ್ಲಾಸ್ಟಿಕ್ ಚೀಲವೋ ಬಲೆಯ ತುಂಡೋ ಪಂಕಕ್ಕೆ ಸುತ್ತಿಕೊಂಡರೆ, ಮರುಕ್ಷಣದಿಂದಲೇ ಗಾಳಿ ಮತ್ತು ನೀರಿನ ಸೆಳೆತ ಬೋಟನ್ನು ತಮಗೆ ಬೇಕಾದ ಕಡೆಗೆ ಒಯ್ಯುತ್ತವೆ. ಆ ದಿಕ್ಕಿನಲ್ಲಿ ಬಂಡೆಯಿರಬಹುದು, ದೊಡ್ಡ ಹಡಗುಗಳು ಸಂಚರಿಸುವ ದಾರಿಯಿರಬಹುದು. ಇಂತಹ ಹೊತ್ತಿನಲ್ಲಿ ಅನುಭವಿ ತಾಂಡೇಲನಾದವನು ಇಂಜಿನ್ ಬಿಚ್ಚಲು ಕೂರುವುದಿಲ್ಲ. ಮೊದಲು ಲಂಗರು ಇಳಿಸುತ್ತಾನೆ, ಬೋಟು ನಿಂತ ಮೇಲೆ ಇಂಜಿನ್ ನೋಡುತ್ತಾನೆ. ಲಂಗರು ಆತನಿಗೆ ಸಮಯ ಕೊಡುತ್ತದೆ. ಆ ಅರ್ಧ ಗಂಟೆಯಲ್ಲಿ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ನೆರವು ಕೇಳಬಹುದು, ಫೋನ್ ಸಿಗ್ನಲ್ ಇದ್ದರೆ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು. ಹೀಗಾಗಿ ಸ್ನಾನಕ್ಕೆ, ಗಾಳ ಹಾಕಲು, ಊಟಕ್ಕೆ ನಿಲ್ಲುವಾಗ ಬೇಕಾಗುವ ಈ ಸಲಕರಣೆ ಆಪತ್ತಿನಲ್ಲಿ ಕೊನೆಯ ಆಸರೆಯೂ ಆಗಿರುತ್ತದೆ.

ಭಾರಕ್ಕಿಂತ ಹಿಡಿತ ಮುಖ್ಯ

ಲಂಗರು ತನ್ನ ಭಾರದಿಂದ ದೋಣಿಯನ್ನು ಹಿಡಿದಿಡುತ್ತದೆ ಎಂಬುದು ಸಾಮಾನ್ಯವಾಗಿರುವ ತಪ್ಪು ತಿಳುವಳಿಕೆ. ಹತ್ತು ಹದಿನೈದು ಕಿಲೋ ತೂಕದ ಕಬ್ಬಿಣ ಎರಡು ಮೂರು ಟನ್ ಭಾರದ ಬೋಟನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು ನೆಲವನ್ನು ಅಗೆದು ಒಳಹೋಗುವ ಗುಣದಿಂದ. ಮರಾಠಿಯಲ್ಲಿ ನೇಗಿಲಿಗೂ ಲಂಗರಿಗೂ ‘ನಾಂಗರ್’ ಎಂಬ ಒಂದೇ ಶಬ್ದವಿರುವುದನ್ನು ಮುಂಬಯಿ ಕನ್ನಡಿಗರು ಬಲ್ಲರು. ಈ ಶಬ್ದದಲ್ಲಿಯೇ ಲಂಗರಿನ ವಿಜ್ಞಾನ ಅಡಗಿದೆ. 1933ರಲ್ಲಿ ಕೇಂಬ್ರಿಜ್‌ನ ಖ್ಯಾತ ಗಣಿತ-ಭೌತವಿಜ್ಞಾನಿ ಜಿ.ಐ. ಟೇಲರ್ ವಿನ್ಯಾಸಗೊಳಿಸಿದ, ಇಂದಿಗೂ ವಿಹಾರ ದೋಣಿಗಳಲ್ಲಿ ಕಾಣಸಿಗುವ ಸಿಕ್ಯೂಆರ್ ಲಂಗರಿನ ಆಕಾರವೂ ನೇಗಿಲಿನದ್ದೇ.

ನೇಗಿಲನ್ನು ಎತ್ತುಗಳು ಮುಂದಕ್ಕೆ ಎಳೆದರೆ ಮಣ್ಣಿಗೆ ಇಳಿಯುತ್ತದೆ, ಮೇಲಕ್ಕೆ ಎತ್ತಿದರೆ ಕಿತ್ತು ಬರುತ್ತದೆ. ಲಂಗರೂ ಹಾಗೆಯೇ. ಹಗ್ಗ ನೆಲಕ್ಕೆ ಸಮಾನಾಂತರವಾಗಿ ಎಳೆದಷ್ಟೂ ಅದು ಆಳಕ್ಕೆ ಹೋಗುತ್ತದೆ. ನೇರ ಮೇಲಕ್ಕೆ ಎಳೆದರೆ ಕಿತ್ತುಹೋಗುತ್ತದೆ. ಆದುದರಿಂದಲೇ ಹಗ್ಗ ಉದ್ದವಿರಬೇಕು. ಲಂಗರಿನ ಸಮೀಪದ ತುದಿಗೆ ಬೋಟಿನ ಉದ್ದದಷ್ಟಾದರೂ ಸರಪಳಿ ಕಟ್ಟಿರಬೇಕು. ಸರಪಳಿಯ ಭಾರ ಎಳೆತವನ್ನು ನೆಲದ ಮಟ್ಟಕ್ಕೆ ತಗ್ಗಿಸುತ್ತದೆ, ಬಂಡೆಗೆ ಉಜ್ಜಿದರೂ ತುಂಡಾಗುವುದಿಲ್ಲ. ಹಗ್ಗ ನೈಲಾನಿನದ್ದಾಗಿದ್ದರೆ ಉತ್ತಮ. ಅದು ರಬ್ಬರಿನಂತೆ ಸ್ವಲ್ಪ ಹಿಗ್ಗಿ ಅಲೆಯ ಹೊಡೆತವನ್ನು ನುಂಗಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುವ ತೇಲುವ ಹಗ್ಗ ಲಂಗರಿಗೆ ಯೋಗ್ಯವಲ್ಲ. ಅದು ನೀರಿನ ಮೇಲೆ ಹರಡಿಕೊಂಡು ಬೇರೆ ಬೋಟಿನ, ಕೆಲವೊಮ್ಮೆ ಸ್ವಂತ ಬೋಟಿನ ಪಂಕಕ್ಕೇ ಸುತ್ತಿಕೊಳ್ಳುತ್ತದೆ.

ಮಲ್ಪೆಯ ಲೆಕ್ಕ ಮುಂಬಯಿಗೆ ಸಾಲದು

ಎಷ್ಟು ಉದ್ದ ಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ನಾವಿಕರು ಒಪ್ಪಿದ ಸರಳ ಲೆಕ್ಕವಿದೆ. ನೀರಿನ ಆಳ ಮತ್ತು ನೀರಿನ ಮಟ್ಟದಿಂದ ಬೋಟಿನ ಮುಂತುದಿಯ ಎತ್ತರ, ಇವೆರಡನ್ನೂ ಕೂಡಿಸಬೇಕು. ಪೂರ್ತಿ ಸರಪಳಿಯಿದ್ದರೆ ಅದರ ಐದು ಪಟ್ಟು, ಹಗ್ಗ ಮತ್ತು ಸ್ವಲ್ಪ ಸರಪಳಿಯಿದ್ದರೆ ಏಳು ಪಟ್ಟು ಬಿಡಬೇಕು. ಗಾಳಿ ಜೋರಾದರೆ ಹತ್ತು ಪಟ್ಟು. ಆಳ ಎಂದರೆ ಲಂಗರು ಹಾಕಿದ ಹೊತ್ತಿನ ಆಳವಲ್ಲ, ಅಲ್ಲಿ ಇರುವಷ್ಟು ಹೊತ್ತಿನಲ್ಲಿ ನೀರು ಏರಬಹುದಾದ ಗರಿಷ್ಠ ಆಳ. ಮುಂಬಯಿಯಲ್ಲಿ ಎಡವುವುದು ಇಲ್ಲಿಯೇ.

ಮಂಗಳೂರು, ಮಲ್ಪೆ, ಗಂಗೊಳ್ಳಿಯ ಕಡಲಿನಲ್ಲಿ ಭರತ-ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿಯೂ ಒಂದೂವರೆ ಮೀಟರಿನ ಆಸುಪಾಸು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಅದು 4 ಮೀಟರ್ ದಾಟುತ್ತದೆ. ಊರಿನಲ್ಲಿ ದೋಣಿ ಬಲ್ಲವರ ಮನೆಯವರಿಗೂ ಈ ವ್ಯತ್ಯಾಸ ಹೊಸತು. ಒಂದು ಉದಾಹರಣೆ ನೋಡಬಹುದು. ಇಳಿತದ ಹೊತ್ತಿಗೆ 2 ಮೀಟರ್ ನೀರಿರುವಲ್ಲಿ ಬೋಟು ನಿಲ್ಲಿಸಲಾಗಿದೆ. ಮುಂತುದಿಯ ಎತ್ತರ 1 ಮೀಟರ್. ಕಣ್ಣಿಗೆ ಕಂಡ ಲೆಕ್ಕದಂತೆ ಮೂರರ ಏಳು ಪಟ್ಟು, ಅಂದರೆ 21 ಮೀಟರ್ ಹಗ್ಗ ಬಿಡಲಾಗಿದೆ. ಆರು ತಾಸಿನ ನಂತರ ಮುಂಬಯಿಯ ನೀರು 4 ಮೀಟರ್ ಏರಿದರೆ ಒಟ್ಟು ಎತ್ತರ 7 ಮೀಟರ್. ಅದೇ 21 ಮೀಟರ್ ಹಗ್ಗ ಈಗ ಬರೇ ಮೂರು ಪಟ್ಟು. ಮಲ್ಪೆಯಲ್ಲಾದರೆ ಅದು ನಾಲ್ಕೂವರೆ ಪಟ್ಟಾದರೂ ಉಳಿಯುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಮಲಗಿರುವಾಗ, ಸಂಜೆಯ ಗಾಳಿ ಎದ್ದ ಹೊತ್ತಿಗೆ ಲಂಗರು ಕಿತ್ತು ಬೋಟು ಜಾರತೊಡಗುವುದು ಹೀಗೆ. ಸರಿಯಾದ ಲೆಕ್ಕ ಮಾಡಿದ್ದರೆ 49 ಮೀಟರ್ ಹಗ್ಗ ಬೇಕಿತ್ತು. ಲಕ್ಷಗಟ್ಟಲೆ ಬೆಲೆಯ ಬೋಟು ಕೊಂಡವರಿಗೆ ಇನ್ನೂ ಮೂವತ್ತು ಮೀಟರ್ ಹಗ್ಗದ ಖರ್ಚು ಖರ್ಚೇ ಅಲ್ಲ.

ಇದರ ವಿರುದ್ಧದ ತಪ್ಪೂ ಇದೆ. ಭರತದ ಹೊತ್ತಿಗೆ ದಡದ ಸಮೀಪ ಸಾಕಷ್ಟು ನೀರಿದೆ ಎಂದು ನಿಲ್ಲಿಸಿದ ಬೋಟು ಇಳಿತದಲ್ಲಿ ಕೆಸರಿನಲ್ಲಿ ಕೂರುತ್ತದೆ, ಅಡಿಯಲ್ಲಿ ಕಲ್ಲಿದ್ದರೆ ತಳ ಒಡೆಯುತ್ತದೆ. 2018ರ ಅಕ್ಟೋಬರ್‌ನಲ್ಲಿ ಗಿರ್‌ಗಾಂವ್ ಚೌಪಾಟಿ ಸಮೀಪ ಶಿವಾಜಿ ಸ್ಮಾರಕದ ಸ್ಥಳಕ್ಕೆ ಹೊರಟಿದ್ದ ಬೋಟೊಂದು ಬಂಡೆಗೆ ಬಡಿದು ಮುಳುಗಿ ಒಬ್ಬ ಯುವಕ ಪ್ರಾಣ ಕಳೆದುಕೊಂಡುದನ್ನು ಮುಂಬಯಿಗರು ಮರೆತಿರಲಾರರು. ನೀರಿನ ಮೇಲಿನಿಂದ ಕಾಣದ ಕಲ್ಲುಗಳು ಈ ನಗರದ ಪಶ್ಚಿಮ ದಂಡೆಯುದ್ದಕ್ಕೂ ಇವೆ. ಭರತ-ಇಳಿತದ ಕೋಷ್ಟಕ ಇಂದು ಮೊಬೈಲಿನಲ್ಲಿಯೇ ಸಿಗುತ್ತದೆ. ಹೊರಡುವ ಮುನ್ನ ಅದನ್ನು ನೋಡುವ ಅಭ್ಯಾಸ ಬೇಕಷ್ಟೆ.

ಹಾಕುವುದಕ್ಕೂ ಒಂದು ಕ್ರಮವಿದೆ

ಮೊದಲು ಜಾಗ ಆಯಬೇಕು. ಮರಳು ಅಥವಾ ಗಟ್ಟಿ ಕೆಸರಿನಲ್ಲಿ ಲಂಗರು ಚೆನ್ನಾಗಿ ಕಚ್ಚುತ್ತದೆ. ಬಂಡೆಯಲ್ಲಿ ಒಂದೋ ಹಿಡಿಯುವುದಿಲ್ಲ, ಇಲ್ಲವೇ ಸಿಲುಕಿದರೆ ಬಿಡುವುದಿಲ್ಲ. ಹಡಗಿನ ದಾರಿ, ಮೀನುಗಾರರ ಬಲೆಯಿರುವ ಜಾಗ, ಲಂಗರು ನಿಷೇಧಿತ ಪ್ರದೇಶಗಳನ್ನು ಬಿಡಬೇಕು. ಮುಂಬಯಿ ಕಡಲಿನ ತಳದಲ್ಲಿ ಎಣ್ಣೆಯ ಕೊಳವೆಗಳಿವೆ. ದೇಶವನ್ನು ಹೊರಜಗತ್ತಿಗೆ ಜೋಡಿಸುವ ಇಂಟರ್ನೆಟ್ ಕೇಬಲ್‌ಗಳು ವರ್ಸೋವಾದಲ್ಲಿ ದಡ ಸೇರುತ್ತವೆ. 2018ರಲ್ಲಿ ಎಲಿಫೆಂಟಾ ದ್ವೀಪಕ್ಕೆ ಮೊದಲ ಬಾರಿಗೆ ವಿದ್ಯುತ್ ಬಂದುದೂ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಕಡಲಡಿಯ ಕೇಬಲ್ ಮೂಲಕ. ಕಂಡಕಂಡಲ್ಲಿ ಲಂಗರು ಎಸೆಯುವವರು ಇವನ್ನೆಲ್ಲ ನೆನಪಿಟ್ಟುಕೊಳ್ಳಬೇಕು.

ಎಸೆಯುವುದು ಎಂಬ ಮಾತೇ ಸರಿಯಲ್ಲ. ಬೋಟನ್ನು ಗಾಳಿ ಅಥವಾ ಸೆಳೆತಕ್ಕೆ ಎದುರಾಗಿ ತಂದು ನಿಲ್ಲಿಸಿ, ಲಂಗರನ್ನು ನಿಧಾನವಾಗಿ ಇಳಿಸಬೇಕು. ಅದು ತಳ ಮುಟ್ಟಿದ ಮೇಲೆ ಬೋಟು ಹಿಂದೆ ಸರಿದಂತೆ ಹಗ್ಗ ಬಿಡುತ್ತಾ ಹೋಗಬೇಕು. ಎಲ್ಲವನ್ನೂ ಒಮ್ಮೆಲೇ ಸುರಿದರೆ ಸರಪಳಿ ಲಂಗರಿನ ಮೇಲೆಯೇ ಗುಡ್ಡೆಯಾಗಿ ಬಿದ್ದು ಸಿಕ್ಕಾಗುತ್ತದೆ. ಬೇಕಾದಷ್ಟು ಬಿಟ್ಟ ನಂತರ ಮುಂತುದಿಯಲ್ಲಿ ಬಿಗಿದು, ಇಂಜಿನನ್ನು ಮೆಲ್ಲನೆ ಹಿಮ್ಮುಖವಾಗಿ ನಡೆಸಿ ಲಂಗರು ಕಚ್ಚಿದೆಯೇ ಎಂದು ನೋಡಬೇಕು. ಹಗ್ಗದ ಇನ್ನೊಂದು ತುದಿಯನ್ನು ಬೋಟಿಗೆ ಕಟ್ಟಿರಬೇಕು ಎಂಬುದು ಹೇಳಬೇಕಾದ ಮಾತೇ ಅಲ್ಲ ಎನಿಸಬಹುದು. ಆದರೆ ಕಟ್ಟಲು ಮರೆತು ಲಂಗರು, ಹಗ್ಗ ಎರಡನ್ನೂ ಕಡಲಿಗೆ ಅರ್ಪಿಸುವವರು ಎಲ್ಲ ಬಂದರುಗಳಲ್ಲಿಯೂ ಇದ್ದಾರೆ. ಹಗ್ಗದ ಸುರುಳಿಯೊಳಗೆ ಕಾಲಿಡಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಇಲ್ಲಿ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ. ಸಣ್ಣ ಬೋಟನ್ನು ಎಂದಿಗೂ ಹಿಂಬದಿಯಿಂದ ಮಾತ್ರ ಕಟ್ಟಿ ಲಂಗರು ಹಾಕಬಾರದು. ಹಿಂಬದಿ ತಗ್ಗಾಗಿರುತ್ತದೆ, ಇಂಜಿನಿನ ಭಾರವೂ ಅಲ್ಲಿಯೇ. ಹಗ್ಗ ಅದನ್ನು ಇನ್ನಷ್ಟು ಕೆಳಗೆಳೆದಾಗ ಒಂದೆರಡು ಅಲೆಗಳು ಸಾಕು, ಬೋಟಿನೊಳಗೆ ನೀರು ತುಂಬಲು.

ಲಂಗರು ಹಾಕಿದ ಮೇಲೆ ಕೆಲಸ ಮುಗಿಯಲಿಲ್ಲ. ದಡದಲ್ಲಿ ಒಂದರ ಹಿಂದೆ ಒಂದು ಕಾಣುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ತೆಂಗಿನಮರ ಮತ್ತು ಅದರ ಹಿಂದಿನ ಕಟ್ಟಡವನ್ನು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅವು ಒಂದೇ ಗೆರೆಯಿಂದ ದೂರ ಸರಿಯುತ್ತಲೇ ಹೋದರೆ ಬೋಟು ಜಾರುತ್ತಿದೆ ಎಂದರ್ಥ. ಬಿಗಿದ ಹಗ್ಗದ ಮೇಲೆ ಕೈಯಿಟ್ಟರೆ ಜಾರುವ ಲಂಗರಿನ ನಡುಕ ಬೆರಳಿಗೆ ತಿಳಿಯುತ್ತದೆ. ಮೊಬೈಲಿನ ಜಿಪಿಎಸ್ ಅಲಾರಂ ಕೂಡ ಸಹಾಯಕ್ಕೆ ಬರುತ್ತದೆ, ಬ್ಯಾಟರಿ ಇರುವ ತನಕ. ಮುಂಬಯಿ ಬಂದರಿನಲ್ಲಿ ಆರು ತಾಸಿಗೊಮ್ಮೆ ಸೆಳೆತ ದಿಕ್ಕು ಬದಲಿಸುವುದರಿಂದ ಬೋಟು ತಿರುಗಿ ನಿಲ್ಲುತ್ತದೆ. ಆಗ ಲಂಗರು ಒಮ್ಮೆ ಕಿತ್ತು ಮತ್ತೆ ಕಚ್ಚಬೇಕಾಗಬಹುದು. ಅಂತಹ ಹೊತ್ತಿನಲ್ಲಿ ಒಬ್ಬರಾದರೂ ಎಚ್ಚರವಿದ್ದು ಗಮನಿಸಬೇಕು. ಸುತ್ತ ತಿರುಗಲು ಜಾಗವಿರುವಂತೆ, ಮೊದಲೇ ನಿಂತ ಬೋಟುಗಳಿಂದ ದೂರ ನಿಲ್ಲುವುದು ತಡವಾಗಿ ಬಂದವರ ಹೊಣೆ. ಹಗಲಿನಲ್ಲಿ ಮುಂಭಾಗದಲ್ಲಿ ಕಪ್ಪು ಚೆಂಡು, ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ, ಇವು 1972ರ ಅಂತಾರಾಷ್ಟ್ರೀಯ ಕಡಲ ಸಂಚಾರ ನಿಯಮಗಳು ನಿಂತ ಬೋಟಿಗೆ ವಿಧಿಸಿದ ಗುರುತುಗಳು. ತೀರಾ ಸಣ್ಣ ಬೋಟುಗಳಿಗೆ ಇದರಲ್ಲಿ ಕೆಲವೆಡೆ ವಿನಾಯಿತಿ ಇದ್ದರೂ ಮುಂಬಯಿಯಂತಹ ಜನನಿಬಿಡ ಬಂದರಿನಲ್ಲಿ ದೀಪ ಹಚ್ಚದೆ ನಿಲ್ಲುವುದು ಅಪಾಯವನ್ನು ಕೈಬೀಸಿ ಕರೆದಂತೆ.

2021ರ ಮೇ ತಿಂಗಳ ಪಾಠ

ಲಂಗರಿಗೂ ಮಿತಿಯಿದೆ ಎಂಬುದನ್ನು ‘ತೌಕ್ತೆ’ ಚಂಡಮಾರುತ ಊರಿನ ಕಡಲಿಗೂ ಮುಂಬಯಿ ಕಡಲಿಗೂ ಒಂದೇ ವಾರದಲ್ಲಿ ತೋರಿಸಿಕೊಟ್ಟಿತು. 2021ರ ಮೇ ತಿಂಗಳ ನಡುವಿನಲ್ಲಿ ಮೂಲ್ಕಿ ಸಮೀಪದ ಕಡಲಿನಲ್ಲಿ ಟಗ್ ಬೋಟೊಂದು ಬಂಡೆಗಳ ನಡುವೆ ಸಿಲುಕಿ, ಅದರಲ್ಲಿದ್ದ ಒಂಬತ್ತು ಮಂದಿಯನ್ನು ತಟರಕ್ಷಣಾ ಪಡೆ ಮತ್ತು ನೌಕಾಪಡೆ ಸೇರಿ ಪಾರುಮಾಡಿದವು. ಅದೇ ಚಂಡಮಾರುತ ಉತ್ತರಕ್ಕೆ ಸಾಗಿ ಮೇ 17ರಂದು ಮುಂಬಯಿಯಾಚೆಯ ತೈಲಕ್ಷೇತ್ರವನ್ನು ತಲುಪಿದಾಗ, 261 ಮಂದಿಯಿದ್ದ ಪಿ-305 ಎಂಬ ಬಾರ್ಜ್‌ನ ಲಂಗರುಗಳು ಹಿಡಿತ ಕಳೆದುಕೊಂಡವು. ಅಂಕೆ ತಪ್ಪಿದ ಬಾರ್ಜ್ ತೇಲಿಹೋಗಿ ಕೊನೆಗೆ ಮುಳುಗಿತು. 180ಕ್ಕೂ ಹೆಚ್ಚು ಮಂದಿಯನ್ನು ನೌಕಾಪಡೆಯವರು ಅಬ್ಬರದ ಅಲೆಗಳಿಂದ ಎತ್ತಿ ತಂದರು. ಅರವತ್ತಕ್ಕೂ ಹೆಚ್ಚು ಮಂದಿ ಮನೆಗೆ ಮರಳಲಿಲ್ಲ.

ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು. ಅಷ್ಟು ದೊಡ್ಡ ಲಂಗರುಗಳೇ ನಿಲ್ಲಲಾರದ ಕಡಲಿನಲ್ಲಿ ವಿಹಾರ ದೋಣಿಯ ಗತಿಯೇನು ಎಂದು ಬೇರೆ ಹೇಳಬೇಕಾಗಿಲ್ಲ. ಹೊರಡದಿರುವ ನಿರ್ಧಾರವೂ ನಾವಿಕ ವಿದ್ಯೆಯ ಒಂದು ಭಾಗ, ಬಹುಶಃ ಅತ್ಯಂತ ಕಷ್ಟದ ಭಾಗ. ಅತಿಥಿಗಳು ಬಂದಾಗಿದೆ, ಕೇಕ್ ತಂದಾಗಿದೆ, ಬೋಟಿಗೆ ಮುಂಗಡ ಕೊಟ್ಟಾಗಿದೆ ಎಂಬ ಕಾರಣಕ್ಕೆ ಕಪ್ಪುಮೋಡದ ಕೆಳಗೆ ಹೊರಡುವುದು ಧೈರ್ಯವಲ್ಲ. ಕರಾವಳಿಯ ಮೀನುಗಾರರು ಹೊಟ್ಟೆಪಾಡಿನ ಕಸುಬನ್ನೇ ಜೂನ್ 1ರಿಂದ 61 ದಿನ ಕಟ್ಟಿಡುತ್ತಾರೆ. ಅದು ಮೀನಿನ ಸಂತತಿಯ ರಕ್ಷಣೆಗಾಗಿ ಇರುವ ಸರಕಾರಿ ನಿಷೇಧ ಹೌದಾದರೂ, ಮಳೆಗಾಲದ ಕಡಲಿಗೆ ತಲೆಬಾಗುವ ಹಿರಿಯರ ಕ್ರಮಕ್ಕೂ ಹೊಂದುತ್ತದೆ. ಮೋಜಿಗಾಗಿ ಹೋಗುವವರಿಗೆ ಅಷ್ಟಾದರೂ ವಿನಯ ಇರಬೇಡವೇ?

‘ಬಾಡಿಗೆ ಬೋಟು ನಮ್ಮದಲ್ಲವಲ್ಲ’ ಎನ್ನುವವರಿಗೆ

ಬಾಡಿಗೆ ಬೋಟಿನಲ್ಲಿ ಚಾಲಕರಿರುತ್ತಾರೆ, ಪ್ರಯಾಣಿಕರಿಗೆ ಈ ವಿದ್ಯೆ ಯಾಕೆ ಎಂದು ಕೇಳುವವರಿದ್ದಾರೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ಅವರೆಲ್ಲ ಪ್ರಯಾಣಿಕರೇ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್‌ಕಮಲ್’ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿದು ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಆ ದುರಂತದ ಬಳಿಕವೇ ಈ ಮಾರ್ಗದ ಪ್ರಯಾಣಿಕರಿಗೆ ಲೈಫ್ ಜಾಕೆಟ್ ಕಡ್ಡಾಯ ಎಂಬ ಆದೇಶ ಹೊರಟಿತು. ಈ ಎರಡೂ ದುರಂತಗಳಿಗೆ ಲಂಗರು ಕಾರಣವಲ್ಲ. ಆದರೆ ತಾನು ಕಾಲಿಟ್ಟ ದೋಣಿಯ ಬಗ್ಗೆ ಏನನ್ನೂ ಕೇಳದೆ ಕೂರುವ ಅಭ್ಯಾಸ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಅವು ಹೇಳುತ್ತವೆ.

ಹತ್ತುವ ಮೊದಲು ಕೇಳಬೇಕಾದುದು ಕೆಲವೇ ಪ್ರಶ್ನೆಗಳು. ಎಷ್ಟು ಮಂದಿಗೆ ಪರವಾನಗಿಯಿದೆ? ಪ್ರತಿಯೊಬ್ಬರಿಗೂ, ಮಕ್ಕಳ ಅಳತೆಯದ್ದೂ ಸೇರಿ, ಲೈಫ್ ಜಾಕೆಟ್ ಇದೆಯೇ? ಲಂಗರು ಎಲ್ಲಿದೆ, ಹಗ್ಗ ಎಷ್ಟು ಉದ್ದವಿದೆ? ಇಂದಿನ ಭರತ ಎಷ್ಟು ಹೊತ್ತಿಗೆ? ರೇಡಿಯೋ ಕೆಲಸ ಮಾಡುತ್ತಿದೆಯೇ? ಉತ್ತರ ಬಾರದಿದ್ದರೆ ಇಳಿದು ಬರುವುದು ಅವಮಾನವೇನಲ್ಲ. ಇದು ಶ್ರೀಮಂತರ ಶೋಕಿಯ ವಿಷಯ ಎಂದು ತಳ್ಳಿಹಾಕುವವರೂ ಒಂದು ಮಾತನ್ನು ಯೋಚಿಸಬೇಕು. ಮಾಲಕರ ಅಜ್ಞಾನದಿಂದ ಬೋಟು ಜಾರಿದಾಗ ಕತ್ತಲಲ್ಲಿ ಮುಂತುದಿಗೆ ಓಡಿ ಹಗ್ಗ ಎಳೆಯುವವನು ತಿಂಗಳ ಸಂಬಳದ ಬಡ ಹುಡುಗ.

ಸಂಘ-ಸಂಸ್ಥೆಗಳು ಗಮನ ಹರಿಸಲಿ

ಕಲಿಯಲು ದಾರಿಗಳಿವೆ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಬೋಟು ಚಾಲನೆ ಹಾಗೂ ಜೀವರಕ್ಷಣೆಯ ತರಬೇತಿ ನೀಡುತ್ತದೆ. ಮುಂಬಯಿಯಲ್ಲಿಯೂ ಹಾಯಿದೋಣಿ ಕಲಿಸುವ ಕ್ಲಬ್‌ಗಳಿವೆ. ಇವುಗಳಿಗಿಂತ ಹತ್ತಿರದ ಇನ್ನೊಂದು ಪಾಠಶಾಲೆಯನ್ನು ಈ ಮಹಾನಗರದ ತುಳು-ಕನ್ನಡಿಗರು ಮರೆತಂತಿದೆ. ಮೊಗವೀರ, ಖಾರ್ವಿ ಸಮಾಜಗಳ ಹಿರಿಯರಲ್ಲಿ ಕಡಲಿನ ಮೇಲೆ ಮೂವತ್ತು ನಲವತ್ತು ವರ್ಷ ದುಡಿದವರು ಇಂದಿಗೂ ಇದ್ದಾರೆ. ನೀರಿನ ಬಣ್ಣದಿಂದ ತಳ ಎಂತಹುದು ಎಂದು ಹೇಳಬಲ್ಲವರು, ಹಗ್ಗದ ಮೇಲೆ ಕೈಯಿಟ್ಟು ಲಂಗರಿನ ಸ್ಥಿತಿ ತಿಳಿಯಬಲ್ಲವರು ಅವರು. ಅವರ ಮಕ್ಕಳು ಬ್ಯಾಂಕು, ಸಾಫ್ಟ್‌ವೇರ್ ಕಂಪೆನಿ ಸೇರಿದ್ದಾರೆ. ಅದು ಹೆಮ್ಮೆಯ ಸಂಗತಿಯೇ. ಆದರೆ ಅಪ್ಪನ ಕೈಯಲ್ಲಿದ್ದ ವಿದ್ಯೆ ಮಗನಿಗೆ ಬಾರದೆ, ಹಣವಿದ್ದು ಬೋಟು ಕೊಂಡ ಇನ್ನೊಬ್ಬರಿಗೂ ತಲುಪದೆ ಮುಗಿದುಹೋಗುವುದು ಖೇದಕರ.

ಯಕ್ಷಗಾನ ತರಬೇತಿ, ಕನ್ನಡ ಕಲಿಕೆ, ವೈದ್ಯಕೀಯ ಶಿಬಿರ, ಆಟೋಟ ಸ್ಪರ್ಧೆಗಳನ್ನು ವರ್ಷವೂ ತಪ್ಪದೆ ನಡೆಸುವ ಇಲ್ಲಿನ ಸಂಘ-ಸಂಸ್ಥೆಗಳಿಗೆ ಎರಡು ದಿನದ ನಾವಿಕ ಶಿಬಿರ ನಡೆಸುವುದು ಕಷ್ಟವಲ್ಲ. ಮೊದಲ ದಿನ ಸಭಾಗೃಹದಲ್ಲಿ ಗಂಟು ಹಾಕುವುದು, ಭರತ-ಇಳಿತದ ಲೆಕ್ಕ, ಹಗ್ಗದ ಅಳತೆ, ಲೈಫ್ ಜಾಕೆಟ್ ಧರಿಸುವ ಕ್ರಮ. ಎರಡನೇ ದಿನ ನುರಿತವರ ಜತೆ ಶಾಂತ ನೀರಿನಲ್ಲಿ ಲಂಗರು ಹಾಕಿ ತೆಗೆಯುವ ಅಭ್ಯಾಸ. ಗುರುಗಳ ಸ್ಥಾನದಲ್ಲಿ ನಿವೃತ್ತ ತಾಂಡೇಲರು, ನೌಕಾಪಡೆ ಹಾಗೂ ಮರ್ಚೆಂಟ್ ನೇವಿಯಲ್ಲಿ ದುಡಿದ ತುಳು-ಕನ್ನಡಿಗರು ಇರಲಿ. ಸನ್ಮಾನದ ಶಾಲಿಗಿಂತ ಅವರ ವಿದ್ಯೆ ಮುಂದುವರಿಯುವುದು ಅವರಿಗೆ ಸಲ್ಲುವ ದೊಡ್ಡ ಗೌರವ. ಮಹಿಳಾ ವಿಭಾಗ, ಯುವ ವಿಭಾಗಗಳೂ ಇದರಲ್ಲಿ ಸೇರಬೇಕು. ಚಾಲಕನಿಗೆ ಅಸೌಖ್ಯವಾದರೆ ಲಂಗರು ಇಳಿಸಬೇಕಾದವರು ಬೋಟಿನಲ್ಲಿ ಉಳಿದವರೇ ಅಲ್ಲವೇ?

ದಿನವನ್ನೂ ಹುಡುಕಬೇಕಾಗಿಲ್ಲ. ಶ್ರಾವಣದ ಹುಣ್ಣಿಮೆಯಂದು ಮಹಾರಾಷ್ಟ್ರದ ಕೋಲಿ ಸಮಾಜದವರು ನಾರಳಿ ಪೂರ್ಣಿಮೆ ಆಚರಿಸಿ ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಅದೇ ಹುಣ್ಣಿಮೆಯಂದು ಊರಿನ ಕರಾವಳಿಯಲ್ಲಿ ಸಮುದ್ರ ಪೂಜೆ ನಡೆಯುತ್ತದೆ. ಆ ಆಸುಪಾಸಿನ ಒಂದು ಶನಿವಾರ, ರವಿವಾರವನ್ನು ಶಿಬಿರದ ಮೊದಲ ಪಾಠಗಳಿಗೆ ಮೀಸಲಿಟ್ಟು, ಕಡಲು ಪೂರ್ತಿ ಶಾಂತವಾದ ಮೇಲೆ ನೀರಿನ ಅಭ್ಯಾಸ ನಡೆಸಬಹುದು. ಬೋಟು ಇಟ್ಟುಕೊಂಡ ಉದ್ಯಮಿಗಳು ತಮ್ಮ ಬೋಟನ್ನು ಒಂದು ದಿನಕ್ಕೆ ಬಿಟ್ಟುಕೊಟ್ಟು, ಜತೆಗೆ ತಾವೂ ಹಗ್ಗ ಹಿಡಿದು ಕಲಿಯಲಿ. ಐವತ್ತು ಮೀಟರ್ ನೈಲಾನ್ ಹಗ್ಗ, ಒಂದಿಷ್ಟು ಸರಪಳಿ, ಎರಡು ದಿನದ ಬಿಡುವು, ಆರಂಭಕ್ಕೆ ಇಷ್ಟು ಸಾಕು.